ಮಾರ್ಪಡಿಸಿದ ಸ್ಪೋರ್ಟ್ಸ್ ಕಾರುಗಳಲ್ಲಿ ಕೂಲೆಂಟ್ ತಾಪಮಾನದ ಪರಿಶೀಲನೆ

ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಸಿಲಿಂಡರುಗಳ ಸುತ್ತಲೂ ಸಿಲಿಂಡರ್ ಹೆಡ್ಡಿನ ಒಳದಾರಿಗಳಲ್ಲೂ ಹರಿದು, ದಹನದಿಂದ ಹುಟ್ಟಿದ ಶಾಖವನ್ನು ಹೊತ್ತು ರೇಡಿಯೇಟರಿಗೆ ಒಯ್ಯುವ ದ್ರವವನ್ನು ಕೂಲೆಂಟ್ ಎನ್ನುತ್ತಾರೆ. ನೀರು, ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳು ಸೇರಿದ ಈ ಮಿಶ್ರಣದ ತಾಪಮಾನವನ್ನು ಒಂದು ಸೆನ್ಸರ್ ಅಳೆದು, ಚಾಲಕನ ಮುಂದಿನ ಮಾಪಕಕ್ಕೂ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೂ, ಅಂದರೆ ಇಸಿಯುಗೂ, ತಿಳಿಸುತ್ತದೆ. ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲೇ ಉಳಿದಿರುವ ಕಾರಿನಲ್ಲಿ ಸೆನ್ಸರಿನ ಜಾಗ, ತಂತಿಯ ದಾರಿ, ಮಾಪಕದ ಗುಣ ಮತ್ತು ನೀರಿನ ಹರಿವು ಒಂದಕ್ಕೊಂದು ಹೊಂದಿಕೊಂಡೇ ರೂಪುಗೊಂಡಿರುವುದರಿಂದ ಮುಳ್ಳು ಎಲ್ಲಿ ನಿಂತರೆ ಏನರ್ಥ ಎಂಬುದು ಕೈಪಿಡಿಯಲ್ಲೇ ದೊರೆಯುತ್ತದೆ. ಟರ್ಬೋಚಾರ್ಜರ್ ಅಳವಡಿಸಿದ, ರೇಡಿಯೇಟರ್ ಬದಲಿಸಿದ, ಬೇರೆ ಎಂಜಿನ್ ಕೂರಿಸಿದ ಅಥವಾ ಬೇರೆ ಇಸಿಯು ಹಾಕಿದ ಕಾರಿನಲ್ಲಿ ಈ ಹೊಂದಾಣಿಕೆ ಕಳಚಿಹೋಗುತ್ತದೆ. ಅದೇ ಅಂಕಿ ಬೇರೊಂದು ಸ್ಥಿತಿಯನ್ನು ಸೂಚಿಸತೊಡಗುತ್ತದೆ. ಆದ್ದರಿಂದ ಇಂಥ ಕಾರಿನಲ್ಲಿ ಎಂಜಿನ್ ಏಕೆ ಕಾಯುತ್ತಿದೆ ಎಂದು ಹುಡುಕುವ ಮುನ್ನ, ಕಾಣುತ್ತಿರುವ ಅಂಕಿ ಎಂಜಿನ್ನಿನ ಯಾವ ಭಾಗದ್ದು ಮತ್ತು ಅದು ಯಾವ ದಾರಿಯಲ್ಲಿ ಮಾಪಕದವರೆಗೆ ಬಂತು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಹೊಸ ರೇಡಿಯೇಟರಿಗೂ ಹೊಸ ಪಂಪಿಗೂ ಸುರಿಯುವ ಹಣದಲ್ಲಿ ಗಣನೀಯ ಪಾಲು ಈ ಮೊದಲ ಹೆಜ್ಜೆಯನ್ನು ಬಿಟ್ಟಿದ್ದರ ಫಲವೇ ಆಗಿರುತ್ತದೆ. ಈ ಲೇಖನದಲ್ಲಿ ಬರುವ ತಾಪಮಾನಗಳೆಲ್ಲ ಸೆಲ್ಸಿಯಸ್ ಮಾನದಲ್ಲಿವೆ.

ಶಾಖ, ಒತ್ತಡ ಮತ್ತು ಕುದಿಬಿಂದು

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಸ್ಥೂಲವಾಗಿ ಮೂರನೆಯ ಒಂದು ಭಾಗ ಚಾಲನೆಗೆ ಒದಗಿದರೆ, ಹೆಚ್ಚುಕಡಿಮೆ ಅಷ್ಟೇ ಭಾಗ ಹೊಗೆಯೊಡನೆ ಹೊರಹೋಗುತ್ತದೆ, ಉಳಿದುದರಲ್ಲಿ ಬಹುಪಾಲನ್ನು ಕೂಲೆಂಟ್ ಹೊರಬೇಕಾಗುತ್ತದೆ. ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯುವ ಯಾವ ಮಾರ್ಪಾಟೇ ಆದರೂ ಈ ಹೊರೆಯನ್ನು ಸಾಮಾನ್ಯವಾಗಿ ಏರಿಸುತ್ತದೆ. ಆದರೆ ಈ ಹೆಚ್ಚಳ ನಗರದ ರಸ್ತೆಯಲ್ಲಿ ಗೋಚರಿಸುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯುವ ರೇಸ್ ಟ್ರ್ಯಾಕಿನಲ್ಲಿ, ಕೆಲವು ಸುತ್ತುಗಳ ನಂತರವಷ್ಟೇ ಹೊರಬೀಳುತ್ತದೆ.

ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ರೇಡಿಯೇಟರಿನ ಮುಚ್ಚಳ ಸುಮಾರು ಒಂದು ಬಾರ್‌ನಷ್ಟು ಹೆಚ್ಚಿನ ಒತ್ತಡವನ್ನು ಹಿಡಿದಿಟ್ಟಾಗ 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ; ನೀರು ಮತ್ತು ಗ್ಲೈಕಾಲ್ ಸಮಪಾಲಿನಲ್ಲಿದ್ದರೆ ಕುದಿಬಿಂದು ಇನ್ನೂ ಸುಮಾರು ಎಂಟು ಹತ್ತು ಡಿಗ್ರಿ ಮೇಲೇರುತ್ತದೆ. ಹಾಗಾಗಿ 105 ಡಿಗ್ರಿ ಎಂಬ ಅಂಕಿ ತಾನಾಗಿಯೇ ಅಪಾಯದ ಸೂಚನೆಯಲ್ಲ. ಮುಚ್ಚಳದ ಸ್ಪ್ರಿಂಗೂ ರಬ್ಬರ್ ಸೀಲೂ ಗಟ್ಟಿಯಾಗಿದ್ದರೆ ಅದು ಸಹಿಸಬಹುದಾದ ತಾಪ. ಸೀಲು ಹಳತಾಗಿ ಒತ್ತಡ ಸೋರುತ್ತಿದ್ದರೆ ಅದೇ ತಾಪದಲ್ಲಿ ಶುದ್ಧ ನೀರು ಕುದಿದು ಉಕ್ಕುತ್ತದೆ. ಗ್ಲೈಕಾಲ್ ಕುದಿಬಿಂದುವನ್ನು ಏರಿಸಿದರೂ ಮಿಶ್ರಣದ ಶಾಖ ಹೊರುವ ಸಾಮರ್ಥ್ಯವನ್ನು ಶುದ್ಧ ನೀರಿಗಿಂತ ಸುಮಾರು ಆರನೆಯ ಒಂದು ಭಾಗದಷ್ಟು ತಗ್ಗಿಸುತ್ತದೆ. ನೆಲಕ್ಕೆ ಚೆಲ್ಲಿದರೆ ಟ್ರ್ಯಾಕು ಜಾರುತ್ತದೆ ಎಂಬ ಕಾರಣದಿಂದ ಹಲವು ರೇಸ್‌ಗಳಲ್ಲಿ ಗ್ಲೈಕಾಲ್ ಬಳಕೆಗೆ ನಿಷೇಧವೂ ಇದೆ. ರಸ್ತೆಯ ಮಿಶ್ರಣದಲ್ಲಿ ಪಡೆದ ಅಳತೆಯನ್ನು ಟ್ರ್ಯಾಕಿನ ಶುದ್ಧ ನೀರಿನ ಅಳತೆಯೊಡನೆ ನೇರವಾಗಿ ಹೋಲಿಸಲಾಗದಿರುವುದಕ್ಕೆ ಇದೂ ಒಂದು ಕಾರಣ.

ಥರ್ಮೋಸ್ಟಾಟ್ ಎಂಬುದು ಮೇಣ ತುಂಬಿದ ಒಂದು ಕವಾಟ. ನಿಗದಿತ ತಾಪಕ್ಕೆ ಮೇಣ ಕರಗಿ ಹಿಗ್ಗಿದಾಗ ಅದು ತೆರೆದುಕೊಂಡು ದ್ರವವನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ನಿರ್ಧರಿಸುವುದು ತಾಪಮಾನದ ಕೆಳಮಿತಿಯನ್ನು ಮಾತ್ರ. ಪೂರ್ತಿ ತೆರೆದ ಮೇಲೆ ಅದರ ಪಾತ್ರ ಮುಗಿಯಿತು, ಅಲ್ಲಿಂದಾಚೆಗೆ ರೇಡಿಯೇಟರಿನ ಶಕ್ತಿ ಮತ್ತು ಹೊರಗಿನ ಗಾಳಿಯ ತಾಪಗಳೇ ಅಂಕಿಯನ್ನು ತೀರ್ಮಾನಿಸುತ್ತವೆ. ಕಾರು ಬಿಸಿಯಾಗುತ್ತದೆಂದು 88 ಡಿಗ್ರಿಯ ಥರ್ಮೋಸ್ಟಾಟ್ ಕಿತ್ತು 76 ಡಿಗ್ರಿಯದನ್ನು ಹಾಕಿದರೆ ಎಂಜಿನ್ ಕಾಯುವ ಹೊತ್ತು ಕೊಂಚ ಮುಂದೂಡಬಹುದೇ ಹೊರತು ಕೊನೆಗೆ ಮುಟ್ಟುವ ಮಟ್ಟ ಇಳಿಯುವುದಿಲ್ಲ. ಇದರಿಂದ ಹೊರಡುವ ಇನ್ನೊಂದು ಉಪಯುಕ್ತ ಸಂಗತಿಯೆಂದರೆ, ಥರ್ಮೋಸ್ಟಾಟ್ ಪೂರ್ತಿ ತೆರೆದಿರುವಾಗ ಹೊರಗಿನ ಗಾಳಿ ಎಷ್ಟು ಡಿಗ್ರಿ ಏರುತ್ತದೆಯೋ ಕೂಲೆಂಟ್ ಕೂಡ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಏರುತ್ತದೆ. ಬೆಂಗಳೂರಿನ 25 ಡಿಗ್ರಿ ಹವೆಯಲ್ಲಿ, ಪೂರ್ಣ ಹೊರೆಯ ಕೆಳಗೆ 98ರಲ್ಲಿ ನಿಂತ ಕಾರನ್ನು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಒಯ್ದು 38 ಡಿಗ್ರಿಯ ಮಧ್ಯಾಹ್ನದಲ್ಲಿ ಅದೇ ಹೊರೆಯಲ್ಲಿ ಓಡಿಸಿದರೆ, ಯಾವ ಭಾಗವೂ ಕೆಡದಿದ್ದರೂ ಮಾಪಕ 110 ದಾಟಬಹುದು. ಹೊರಗಿನ ತಾಪವನ್ನು ಜೊತೆಗೆ ಬರೆದಿಡದ ಕೂಲೆಂಟ್ ಅಳತೆ ಅರ್ಧ ಅಳತೆಯೇ ಸರಿ.

ಮಾಪಕಗಳ ಬೆಳವಣಿಗೆ

ತಾಪಮಾನವನ್ನು ಚಾಲಕನಿಗೆ ತೋರಿಸುವ ಸಾಧನಗಳಲ್ಲಿ ಮೊದಲು ಹೆಸರಾದದ್ದು ಅಮೆರಿಕದಲ್ಲಿ ಹ್ಯಾರಿಸನ್ ಬಾಯ್ಸ್ 1912ರಲ್ಲಿ ಪೇಟೆಂಟ್ ಪಡೆದ ಮೋಟೋಮೀಟರ್. ರೇಡಿಯೇಟರಿನ ಮುಚ್ಚಳದ ಮೇಲೆ ಎದ್ದು ನಿಲ್ಲುತ್ತಿದ್ದ ಈ ತಾಪಮಾಪಕ ನೀರಿನೊಳಗೆ ಮುಳುಗದೆ, ನೀರಿನ ಮೇಲಿನ ಆವಿಯ ತಾಪವನ್ನು ಅಳೆಯುತ್ತಿತ್ತು. ಅಳತೆಯ ಜಾಗ ಯಾವುದು ಎಂಬ ಪ್ರಶ್ನೆ ಹೀಗೆ ಆರಂಭದಿಂದಲೇ ಈ ವಿಷಯಕ್ಕೆ ಅಂಟಿಕೊಂಡು ಬಂದಿದೆ. ಆಮೇಲೆ ಬಂದ ಯಾಂತ್ರಿಕ ಮಾಪಕಗಳಲ್ಲಿ ಎಂಜಿನ್ನಿನೊಳಗಿನ ಸಣ್ಣ ಬುಡ್ಡಿಯಿಂದ ಡ್ಯಾಶ್‌ಬೋರ್ಡಿನವರೆಗೆ ಕೂದಲೆಳೆಯಂಥ ತಾಮ್ರದ ನಳಿಕೆ ಸಾಗುತ್ತಿದ್ದು, ಬುಡ್ಡಿಯಲ್ಲಿದ್ದ ದ್ರವ ಆವಿಯಾದಾಗ ಏರುವ ಒತ್ತಡ ಮುಳ್ಳನ್ನು ತಿರುಗಿಸುತ್ತಿತ್ತು. ವಿದ್ಯುತ್ತಿನ ಹಂಗಿಲ್ಲದ ಈ ಮಾಪಕಗಳು ಇಂದಿಗೂ ನಂಬಿಕೆಗೆ ಅರ್ಹವಾಗಿವೆ. ನಳಿಕೆ ಮಡಚಿ ಮುರಿದರೆ ಮಾತ್ರ ದುರಸ್ತಿ ಸುಲಭವಲ್ಲ.

ಅನಂತರದ ವಿದ್ಯುತ್ ಮಾಪಕಗಳಲ್ಲಿ ಹಲವು, ಎರಡು ಲೋಹಗಳ ಪಟ್ಟಿ ಬಿಸಿಯಾಗಿ ಬಾಗುವ ಗುಣವನ್ನು ಆಧರಿಸಿದ್ದವು. ಅವುಗಳಿಗೆ ಸ್ಥಿರವಾದ ವೋಲ್ಟೇಜ್ ಬೇಕಾದುದರಿಂದ ಡ್ಯಾಶ್‌ಬೋರ್ಡಿನ ಹಿಂದೆ ಒಂದು ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತಿತ್ತು. ಬ್ರಿಟನ್ನಿನ ಸ್ಮಿತ್ಸ್ ಮಾಪಕಗಳಲ್ಲಿ ಅದು 10 ವೋಲ್ಟ್ ಕೊಡುತ್ತಿತ್ತು. ಪೆಟ್ರೋಲ್ ಮಾಪಕಕ್ಕೂ ಅದೇ ಸ್ಟೆಬಿಲೈಸರ್ ಆಧಾರವಾದುದರಿಂದ, ಹಳೆಯ ಎಂಜಿಯಂಥ ಕಾರಿನಲ್ಲಿ ಟ್ಯಾಂಕು ಅನುಮಾನ ಬರುವಷ್ಟು ತುಂಬಿದಂತೆಯೂ ಎಂಜಿನ್ ಅತಿಯಾಗಿ ಕಾದಂತೆಯೂ ಒಟ್ಟಿಗೇ ಕಂಡರೆ ದೋಷ ಎಂಜಿನ್ನಿನಲ್ಲಿಲ್ಲ, ಸ್ಟೆಬಿಲೈಸರಿನಲ್ಲಿದೆ ಎಂದು ತಿಳಿಯಬೇಕು.

ಹೊಸ ಕಾಲದ ಕಾರುಗಳಲ್ಲಿ ತೊಡಕು ಬೇರೆಯದು. ಮುಳ್ಳು ಸ್ವಲ್ಪ ಅಲುಗಿದರೂ ಗ್ರಾಹಕರು ಗಾಬರಿಗೊಂಡು ಸರ್ವೀಸ್ ಕೇಂದ್ರಕ್ಕೆ ಬರುವುದನ್ನು ತಪ್ಪಿಸಲು ತಯಾರಕರು ಮಾಪಕವನ್ನು ಬೇಕೆಂದೇ ಮಂದಗೊಳಿಸಿದರು. ಬಿಎಂಡಬ್ಲ್ಯು ಸಂಸ್ಥೆಯ ಇ46 ಮಾಲಿಕೆಯ ಕಾರುಗಳಲ್ಲಿ ಕೂಲೆಂಟ್ ಸುಮಾರು 75 ಡಿಗ್ರಿಯಿಂದ ಸುಮಾರು 115 ಡಿಗ್ರಿಯವರೆಗೆ ಎಲ್ಲಿದ್ದರೂ ಮುಳ್ಳು ನಡುಗೆರೆಯಲ್ಲೇ ನಿಂತಿರುತ್ತದೆ. ರಸ್ತೆಯ ಬಳಕೆಗೆ ಇದು ಸಾಕಾದೀತು. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿಕೊಂಡವರಿಗೆ ಮಾತ್ರ ಇಂಥ ಮುಳ್ಳಿನಿಂದ ಉಪಯೋಗವಿಲ್ಲ, ಏಕೆಂದರೆ ಅದು ಅಲುಗುವ ಹೊತ್ತಿಗೆ ಎಚ್ಚರಿಕೆಯ ಕಾಲ ಕಳೆದಿರುತ್ತದೆ. ಅದೇ ಕಾರಿನ ಮಾಪಕ ಫಲಕದ ಗುಪ್ತ ಪರೀಕ್ಷಾ ಪಟ್ಟಿಯಲ್ಲಿ ನಿಜವಾದ ಅಂಕಿ ದೊರೆಯುತ್ತದೆ. ಸಾಮಾನ್ಯವಾಗಿ ಅನುಸರಿಸುವ ದಾರಿ ಎಂದರೆ ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಒಬಿಡಿ-2 ಎಂಬ ಪರೀಕ್ಷಾ ಕಿಂಡಿಯಿಂದ ಓದುವುದು. ಅಲ್ಲಿ ಇಸಿಯು ತಾಪಮಾನವನ್ನು 0ಯಿಂದ 255ರವರೆಗಿನ ಒಂದು ಸಂಖ್ಯೆಯಾಗಿ ಕಳಿಸುತ್ತದೆ; ಅದರಿಂದ 40 ಕಳೆದರೆ ಸೆಲ್ಸಿಯಸ್ ತಾಪ ದೊರೆಯುತ್ತದೆ. 130 ಬಂದರೆ 90 ಡಿಗ್ರಿ ಎಂದರ್ಥ. ಈ ಅಂಕಿಯಲ್ಲಿ ಮುಳ್ಳಿನ ಮಂದತೆ ಇಲ್ಲದಿದ್ದರೂ, ಅದು ಇಸಿಯು ನಂಬಿರುವ ತಾಪಮಾನವೇ ಹೊರತು ನೀರಿನ ತಾಪಮಾನವೇ ಎಂಬ ಖಾತರಿಯಿಲ್ಲ. ಸೆನ್ಸರ್ ಕಡಿದುಹೋದಾಗ ಅನೇಕ ಇಸಿಯುಗಳು ಒಂದು ಊಹೆಯ ಅಂಕಿಯನ್ನು ಹಿಡಿದು ಫ್ಯಾನನ್ನು ಸದಾ ಓಡಿಸುತ್ತ ಎಂಜಿನ್ನನ್ನು ನಡೆಸಿಕೊಂಡು ಹೋಗುತ್ತವೆ.

ಸೆನ್ಸರ್ ಮತ್ತು ತಂತಿಯ ದಾರಿ

ಇಂದಿನ ಕೂಲೆಂಟ್ ಸೆನ್ಸರುಗಳಲ್ಲಿ ಬಹುತೇಕ ಎಲ್ಲವೂ ಥರ್ಮಿಸ್ಟರುಗಳು, ಅಂದರೆ ಬಿಸಿಯಾದಂತೆ ವಿದ್ಯುತ್ ರೋಧ ಇಳಿಯುವ ಅರೆವಾಹಕದ ತುಣುಕುಗಳು. ಹೆಚ್ಚು ಬಳಕೆಯಲ್ಲಿರುವ ಬಾಷ್ ಸೆನ್ಸರಿನ ರೋಧ 20 ಡಿಗ್ರಿಯಲ್ಲಿ 2,500 ಓಮ್ ಇದ್ದರೆ, 80ರಲ್ಲಿ ಸುಮಾರು 323, 90ರಲ್ಲಿ ಸುಮಾರು 243, 100ರಲ್ಲಿ ಸುಮಾರು 186 ಓಮ್‌ಗೆ ಇಳಿಯುತ್ತದೆ. ಇಸಿಯು ತನ್ನೊಳಗಿನ ಒಂದು ಸ್ಥಿರ ರೋಧಕದ ಮೂಲಕ ಸೆನ್ಸರಿಗೆ 5 ವೋಲ್ಟ್ ಒದಗಿಸಿ, ನಡುವಿನ ಬಿಂದುವಿನಲ್ಲಿ ಕಾಣುವ ವೋಲ್ಟೇಜಿನಿಂದ ತಾಪವನ್ನು ಲೆಕ್ಕ ಹಾಕುತ್ತದೆ. ಆ ಸ್ಥಿರ ರೋಧಕ 2,490 ಓಮ್‌ನದಾಗಿದ್ದರೆ 90 ಡಿಗ್ರಿಗೆ ಸುಮಾರು 0.44 ವೋಲ್ಟ್, 100 ಡಿಗ್ರಿಗೆ ಸುಮಾರು 0.35 ವೋಲ್ಟ್ ಬರುತ್ತದೆ. ಹತ್ತು ಡಿಗ್ರಿಯ ವ್ಯತ್ಯಾಸ ವೋಲ್ಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಎಂಬುದು ಇಲ್ಲಿ ಗಮನಾರ್ಹ.

ಈ ಅಂಕಿಗಳನ್ನು ಹತ್ತಿರದಿಂದ ನೋಡಿದರೆ ಒಂದು ಅಹಿತಕರ ಸತ್ಯ ತಿಳಿಯುತ್ತದೆ. ಹಸಿರು ಕಿಲುಬು ಹಿಡಿದ ಒಂದು ಕನೆಕ್ಟರು 30 ಓಮ್ ರೋಧವನ್ನು ಸೇರಿಸಿತೆಂದುಕೊಳ್ಳಬಹುದು. ಎಂಜಿನ್ ತಣ್ಣಗಿರುವಾಗ 2,500 ಓಮ್‌ನ ಎದುರು ಅದು ಲೆಕ್ಕಕ್ಕೇ ಬಾರದು. ತಪ್ಪು ಅರ್ಧ ಡಿಗ್ರಿಯನ್ನೂ ಮುಟ್ಟುವುದಿಲ್ಲ. ಎಂಜಿನ್ 90 ಡಿಗ್ರಿಗೆ ಕಾದಾಗ 243 ಓಮ್ ಇರಬೇಕಾದಲ್ಲಿ 273 ಆಗಿ, ಮಾಪಕ 86ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತಾಪ ಇನ್ನೂ ಏರಿದಂತೆ ತಪ್ಪೂ ಬೆಳೆಯುತ್ತ ಹೋಗುತ್ತದೆ, ಮತ್ತು ಸದಾ ನಿಜಕ್ಕಿಂತ ಕಡಿಮೆ ತೋರಿಸುವ ಕಡೆಗೇ ವಾಲುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಮಾಡಿದ ಪರೀಕ್ಷೆಯಲ್ಲಿ ಸರಿಯೆನಿಸಿದ ಸೆನ್ಸರು ಮಧ್ಯಾಹ್ನ ಟ್ರ್ಯಾಕಿನಲ್ಲಿ, ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ಟನ್ನು ಬಲಿ ತೆಗೆದುಕೊಳ್ಳುವುದು ಹೀಗೆ. ಅರ್ಥಿಂಗ್ ದೋಷದ ಪರಿಣಾಮವೂ ಇದೇ ಬಗೆಯದು. ಸೆನ್ಸರಿನ ಮರುತಂತಿಯನ್ನು ಇಸಿಯುಗೆ ತಲುಪಿಸದೆ ಎಂಜಿನ್ ಬ್ಲಾಕಿಗೆ ಜೋಡಿಸಿದ್ದರೆ, ಫ್ಯಾನು, ಪೆಟ್ರೋಲ್ ಪಂಪು, ಹೆಡ್‌ಲೈಟುಗಳ ವಿದ್ಯುತ್ತು ಅದೇ ದಾರಿಯಲ್ಲಿ ಹರಿದು ಬ್ಲಾಕಿಗೂ ಇಸಿಯುಗೂ ನಡುವೆ 0.05 ವೋಲ್ಟ್ ಅಂತರ ಉಂಟಾದರೂ ಅಳತೆ ನಾಲ್ಕು ಡಿಗ್ರಿಯಷ್ಟು ಸರಿಯುತ್ತದೆ. ಹೆಡ್‌ಲೈಟ್ ಹಾಕಿದೊಡನೆ ಅಥವಾ ಫ್ಯಾನ್ ತಿರುಗಿದೊಡನೆ ಅಂಕಿ ಥಟ್ಟನೆ ಬದಲಾದರೆ ದೋಷ ತಂತಿಯದೆಂದು ಹೇಳಬಹುದು. ಹಲವು ಲೀಟರ್ ನೀರು ಒಂದು ಕ್ಷಣದಲ್ಲಿ ನಾಲ್ಕು ಡಿಗ್ರಿ ಕಾಯಲಾರದು, ಆರಲಾರದು.

ಮಾರ್ಪಡಿಸಿದ ಕಾರುಗಳಲ್ಲಿ ಇನ್ನೊಂದು ಬಗೆಯ ತಪ್ಪು ಪದೇ ಪದೇ ಕಾಣುತ್ತದೆ. ಮೆಗಾಸ್ಕ್ವರ್ಟ್‌ನಂಥ ಹೊರಗಿನ ಇಸಿಯುಗಳಿಗೆ ಸೆನ್ಸರಿನ ತಾಪ ಮತ್ತು ರೋಧಗಳ ಸಂಬಂಧವನ್ನು ಮೂರು ಬಿಂದುಗಳಲ್ಲಿ ತಿಳಿಸಬೇಕಾಗುತ್ತದೆ. ನಡುವಿನ ಬೆಲೆಗಳನ್ನು ಮೆಗಾಸ್ಕ್ವರ್ಟ್ 1968ರಲ್ಲಿ ಸ್ಟೈನ್‌ಹಾರ್ಟ್ ಮತ್ತು ಹಾರ್ಟ್ ಪ್ರಕಟಿಸಿದ ಸಮೀಕರಣದಿಂದ ಪಡೆಯುತ್ತದೆ. ಬಾಷ್ ಸೆನ್ಸರಿರುವ ಎಂಜಿನ್ನಿಗೆ ಜನರಲ್ ಮೋಟಾರ್ಸ್ ಸೆನ್ಸರಿನ ಬೆಲೆಗಳನ್ನು ಕೊಟ್ಟರೆ ಏನಾಗುತ್ತದೆಂಬುದು ಕುತೂಹಲಕರ. 90 ಡಿಗ್ರಿಯಲ್ಲಿ ಎರಡರ ರೋಧವೂ ಹೆಚ್ಚುಕಡಿಮೆ ಒಂದೇ: 243 ಮತ್ತು 241 ಓಮ್. 20 ಡಿಗ್ರಿಯಲ್ಲಿ ಮಾತ್ರ ಒಂದು 2,500, ಇನ್ನೊಂದು 3,520. ಅಂದರೆ ಕಾದ ಎಂಜಿನ್ನಿನಲ್ಲಿ ಎಲ್ಲವೂ ಸರಿಯಾಗಿ ಕಂಡು, ತಣ್ಣಗಿನ ಎಂಜಿನ್ನು ಮಾತ್ರ ಏಳೆಂಟು ಡಿಗ್ರಿ ಬಿಸಿಯಾಗಿರುವಂತೆ ತೋರಿ, ಬೆಳಗಿನ ಸ್ಟಾರ್ಟಿಗೆ ಬೇಕಾದಷ್ಟು ಪೆಟ್ರೋಲ್ ಸಿಗದೆ ಎಂಜಿನ್ ಮುಗ್ಗರಿಸುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸ್ಟಾರ್ಟ್ ಮಾಡುವ ಮೊದಲೇ ಕೂಲೆಂಟಿನ ಅಂಕಿಯನ್ನೂ ಒಳಸೇರುವ ಗಾಳಿಯ ಸೆನ್ಸರಿನ ಅಂಕಿಯನ್ನೂ ಹೋಲಿಸಿದರೆ ಈ ತಪ್ಪು ಒಂದು ನಿಮಿಷದಲ್ಲಿ ಬಯಲಾಗುತ್ತದೆ. ಎರಡೂ ಆಗ ಒಂದೇ ಆಗಿರಬೇಕು.

ಹೊಸ ಮಾಪಕದ ಸೆನ್ಸರನ್ನು ಕೂರಿಸುವ ಜಾಗವೂ ಅಷ್ಟೇ ಮುಖ್ಯ. ರೇಡಿಯೇಟರಿನ ಮೇಲಿನ ರಬ್ಬರ್ ಹೋಸನ್ನು ಕತ್ತರಿಸಿ ನಡುವೆ ಲೋಹದ ಕೊಳವೆಯೊಂದನ್ನು ಸೇರಿಸಿ ಅದರಲ್ಲಿ ಸೆನ್ಸರ್ ಇಡುವುದು ಸುಲಭದ ಮಾರ್ಗವಾದರೂ, ಥರ್ಮೋಸ್ಟಾಟ್ ತೆರೆಯುವವರೆಗೆ ಆ ಹೋಸಿನಲ್ಲಿ ಹರಿವಿರುವುದಿಲ್ಲವಾದ್ದರಿಂದ ಅಲ್ಲಿಯ ಅಂಕಿ ಎಂಜಿನ್ನಿನ ಸ್ಥಿತಿಗಿಂತ ಬಹಳ ಹಿಂದೆ ಉಳಿಯುತ್ತದೆ. ಒಂದೇ ತಂತಿಯ ಸೆನ್ಸರ್ ಆದರೆ ಎರಡೂ ಕಡೆ ರಬ್ಬರಿನಿಂದ ಬೇರ್ಪಟ್ಟ ಆ ಕೊಳವೆಗೆ ಅರ್ಥಿಂಗ್ ತಂತಿಯನ್ನೂ ಎಳೆಯಬೇಕಾಗುತ್ತದೆ. ಸೆನ್ಸರನ್ನು ಬಿಗಿಯುವ ತಿರುಪಿನ ಮರೆಯನ್ನೂ ಗಮನಿಸಬೇಕು: ಜಪಾನಿನ ಎಂಜಿನ್ನುಗಳಲ್ಲಿರುವ 1/8 ಇಂಚಿನ ಬ್ರಿಟಿಷ್ ಮಾದರಿಯ ಇಳಿಜಾರು ಮರೆಗೆ ಇಂಚಿಗೆ 28 ಸುತ್ತು, ಅಮೆರಿಕದ ಮಾದರಿಗೆ 27. ಒಂದನ್ನು ಇನ್ನೊಂದರಲ್ಲಿ ಬಲವಂತವಾಗಿ ತಿರುಗಿಸಿದರೆ ಮೊದಲೆರಡು ಸುತ್ತು ಹೊಂದಿಕೊಂಡಂತೆ ಕಂಡು ಆಮೇಲೆ ಅಲ್ಯುಮಿನಿಯಂ ಹೆಡ್ಡಿನ ಮರೆ ಕಿತ್ತುಬರುತ್ತದೆ.

ಮಾಜ್ದಾ ಎಂಎಕ್ಸ್-5ರ ಉದಾಹರಣೆ

1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, ಹಿರೋಶಿಮಾದ ಕಾರ್ಖಾನೆಯಿಂದ 2016ರ ವೇಳೆಗೆ ಹತ್ತು ಲಕ್ಷದ ಸಂಖ್ಯೆ ಮುಟ್ಟಿದ ಮಾಜ್ದಾ ಎಂಎಕ್ಸ್-5, ಅಮೆರಿಕದಲ್ಲಿ ಮಿಯಾಟಾ ಎಂದು ಹೆಸರಾದ ಎರಡು ಆಸನದ ತೆರೆದ ಕಾರು, ಮಾರ್ಪಾಟಿಗೆ ಜಗತ್ತಿನಲ್ಲಿ ಅತ್ಯಂತ ಹೆಚ್ಚು ಒಳಗಾದ ಸ್ಪೋರ್ಟ್ಸ್ ಕಾರುಗಳಲ್ಲೊಂದು. ಭಾರತದಲ್ಲಿ ಇದು ಅಧಿಕೃತವಾಗಿ ಮಾರಾಟವಾಗದಿದ್ದರೂ, ಅಳತೆಯ ಜಾಗಕ್ಕೂ ಅರ್ಥಕ್ಕೂ ಇರುವ ನಂಟನ್ನು ಇದರಷ್ಟು ಚೆನ್ನಾಗಿ ತೋರಿಸುವ ಕಾರು ಅಪರೂಪ.

ಇದರ ಮೊದಲ ಪೀಳಿಗೆಯ 1.6 ಲೀಟರ್ ಎಂಜಿನ್ ಮೂಲತಃ ಮಾಜ್ದಾ 323ರಂಥ ಮುಂಚಕ್ರ ಚಾಲನೆಯ ಕಾರಿನಲ್ಲಿ ಅಡ್ಡಲಾಗಿ ಕೂರಲು ರೂಪುಗೊಂಡ ಎಂಜಿನ್ ವಂಶದ್ದು. ಆ ವಿನ್ಯಾಸದಲ್ಲಿ ನೀರು ಪಂಪಿರುವ ತುದಿಯಿಂದ ಒಳಹೊಕ್ಕು, ನಾಲ್ಕೂ ಸಿಲಿಂಡರುಗಳನ್ನು ದಾಟಿ ಎದುರು ತುದಿಯಿಂದ ಹೊರಬೀಳುತ್ತಿತ್ತು. ಅದೇ ಎಂಜಿನ್ನನ್ನು ಎಂಎಕ್ಸ್-5ರಲ್ಲಿ ಉದ್ದಕ್ಕೆ ತಿರುಗಿಸಿ ಇಟ್ಟಾಗ ಆ ಎದುರು ತುದಿ ಚಾಲಕನ ಕೋಣೆಯ ಗೋಡೆಗೆ ಒತ್ತಿಕೊಂಡಿತು. ಅಲ್ಲಿ ದಪ್ಪ ಹೋಸಿಗೆ ಎಡೆಯಿಲ್ಲದ್ದರಿಂದ ಥರ್ಮೋಸ್ಟಾಟನ್ನೂ ಹೊರದಾರಿಯನ್ನೂ ಪಂಪಿನ ಬದಿಗೇ, ಎಂಜಿನ್ನಿನ ಮುಂಭಾಗಕ್ಕೆ ತಂದರು. ಹಿಂದಿನ ಕಿಂಡಿ ಹೀಟರಿಗೆ ಮಾತ್ರ ಉಳಿಯಿತು. ಪರಿಣಾಮವಾಗಿ ನೀರಿನ ಒಂದು ದೊಡ್ಡ ಪಾಲು ಮುಂದಿನಿಂದಲೇ ಒಳಹೊಕ್ಕು ಮುಂದಿನಿಂದಲೇ ಹೊರಬಂದು, ಹಿಂದಿನ ಮೂರು ಮತ್ತು ನಾಲ್ಕನೆಯ ಸಿಲಿಂಡರುಗಳ ಮೇಲ್ಭಾಗಕ್ಕೆ ಹರಿವು ಕಡಿಮೆಯಾಯಿತು. ಗ್ಯಾಸ್ಕೆಟ್ಟಿನ ರಂಧ್ರಗಳ ಗಾತ್ರವನ್ನು ಹೊಂದಿಸಿ ತಯಾರಕರು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದರಿಂದ, ಮೂಲ ಶಕ್ತಿಯಲ್ಲಿ ಓಡುವ ಕಾರಿಗೆ ಏನೂ ತೊಂದರೆಯಾಗಲಿಲ್ಲ. ಟರ್ಬೋ ಸೇರಿಸಿ ಶಕ್ತಿಯನ್ನು ಇಮ್ಮಡಿ ಮಾಡಿ ಟ್ರ್ಯಾಕಿಗಿಳಿದವರಿಗೆ ಮಾತ್ರ ಹಿಂದಿನ ಸಿಲಿಂಡರುಗಳ ತಾಪ ಚಿಂತೆಯ ವಿಷಯವಾಯಿತು.

ಈ ಕಾರಿನಲ್ಲಿ ಸೆನ್ಸರುಗಳ ಹಂಚಿಕೆ ಹೀಗಿದೆ: ಮಾಪಕಕ್ಕೆ ಒಂದು ತಂತಿಯದು, ಇಸಿಯುಗೆ ಎರಡು ತಂತಿಯದು, ಎರಡೂ ಹೆಡ್ಡಿನ ಹಿಂತುದಿಯಲ್ಲಿವೆ, 1.6 ಲೀಟರ್ ಎಂಜಿನ್ನಿನಲ್ಲಿ ಸುಮಾರು 97 ಡಿಗ್ರಿಗೆ ಫ್ಯಾನನ್ನು ಚಾಲೂ ಮಾಡುವ ಸ್ವಿಚ್ಚು ಮಾತ್ರ ಮುಂದಿನ ಥರ್ಮೋಸ್ಟಾಟ್ ಕವಚದಲ್ಲಿದೆ. ಒಂದೇ ಎಂಜಿನ್ನಿನ ಎರಡು ತುದಿಗಳ ಎರಡು ಬೇರೆ ತಾಪಗಳನ್ನು ಅವು ಅನುಭವಿಸುತ್ತವೆ. ಹೊರೆ ಏರಿದಾಗ ಮಾಪಕ 105 ತೋರಿಸುತ್ತಿದ್ದರೂ ಫ್ಯಾನು ತಿರುಗದಿದ್ದರೆ ಸ್ವಿಚ್ಚು ಕೆಟ್ಟಿದೆಯೆಂದು ಥಟ್ಟನೆ ತೀರ್ಮಾನಿಸುವಂತಿಲ್ಲ. ಮುಂದಿನ ನೀರು ಇನ್ನೂ 97ನ್ನು ಮುಟ್ಟಿರಲಿಕ್ಕಿಲ್ಲ.

ಹಿಂದಿನ ಸಿಲಿಂಡರುಗಳ ಹರಿವಿನ ಕೊರತೆಗೆ ಪರಿಹಾರವಾಗಿ ಬಂದ ಮಾರ್ಪಾಟನ್ನು ಕೂಲೆಂಟ್ ರೀರೂಟ್ ಎನ್ನುತ್ತಾರೆ. ಥರ್ಮೋಸ್ಟಾಟನ್ನು ಹೆಡ್ಡಿನ ಹಿಂತುದಿಗೆ ಸಾಗಿಸಿ, ಅಲ್ಲಿಂದ ಉದ್ದನೆಯ ಹೋಸಿನಲ್ಲಿ ನೀರನ್ನು ರೇಡಿಯೇಟರಿಗೆ ತಂದು, ಮುಂದಿನ ದಾರಿಯನ್ನು ಮುಚ್ಚಿದರೆ ಎಂಜಿನ್ನು ತನ್ನ ಮೂಲ ವಿನ್ಯಾಸಕ್ಕೆ ಮರಳುತ್ತದೆ. ಇದು ತಿಳಿವಳಿಕೆಯಿಂದ ಕೂಡಿದ ಮಾರ್ಪಾಟು. ಆದರೆ ಇದನ್ನು ಮಾಡಿದ ದಿನದಿಂದ ಹಳೆಯ ಅಳತೆಗಳೊಡನೆ ಹೋಲಿಕೆ ನಿಲ್ಲುತ್ತದೆ. ಮೊದಲು ನಿಧಾನವಾಗಿ ಹರಿಯುವ ಮೂಲೆಯಲ್ಲಿದ್ದ ಹಿಂದಿನ ಸೆನ್ಸರುಗಳು ಈಗ ಮುಖ್ಯ ಪ್ರವಾಹದಲ್ಲಿ ನಿಂತು ಎಲ್ಲ ಸಿಲಿಂಡರುಗಳ ನೀರು ಬೆರೆತ ತಾಪವನ್ನು ಅಳೆಯುತ್ತವೆ. ಮುಂದಿನ ಫ್ಯಾನ್ ಸ್ವಿಚ್ಚು ಹರಿವಿಲ್ಲದ ಜಾಗದಲ್ಲಿ ಉಳಿದುಬಿಟ್ಟರೆ ಅದರ ಭರವಸೆಯೂ ಹೋಗುತ್ತದೆ. ಫ್ಯಾನನ್ನು ಇಸಿಯು ಮೂಲಕ ಇಲ್ಲವೇ ಬೇರೊಂದು ಸ್ವಿಚ್ಚಿನಿಂದ ನಡೆಸಬೇಕಾಗುತ್ತದೆ. ರೀರೂಟ್ ನಂತರ ಅಂಕಿ ಆರು ಡಿಗ್ರಿ ಇಳಿದರೆ ಅದು ಪೂರ್ತಿ ಎಂಜಿನ್ನು ತಂಪಾದುದರ ಲೆಕ್ಕವೆಂದು ಭಾವಿಸಬಾರದು. ಅದರಲ್ಲಿ ಒಂದು ಪಾಲು ಅಳೆಯುವ ನೀರೇ ಬೇರೆಯಾದುದರಿಂದ ಬಂದದ್ದು.

ಇದೇ ಕಾರಿಗೆ ಜನರಲ್ ಮೋಟಾರ್ಸ್ ಸಂಸ್ಥೆಯ ಎಲ್‌ಎಸ್ ಬಗೆಯ ವಿ8 ಎಂಜಿನ್ ಕೂರಿಸುವವರೂ ಇದ್ದಾರೆ. ಮಾಜ್ದಾ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಬಿಸಿನೀರು ಹೊರಡುವ ಕಡೆಗಿದ್ದರೆ ಎಲ್‌ಎಸ್‌ನಲ್ಲಿ ಅದು ಪಂಪಿಗೆ ನೀರು ಮರಳುವ ಕಡೆಗಿದೆ. ಆದ್ದರಿಂದ ಹೆಡ್ಡಿನಲ್ಲಿ ಅಳೆದ ತಾಪ ಥರ್ಮೋಸ್ಟಾಟಿನ ಮೇಲೆ ಮುದ್ರಿಸಿದ ಅಂಕಿಗಿಂತ ಹೊರೆಗೆ ತಕ್ಕಂತೆ ಹಲವು ಡಿಗ್ರಿ ಹೆಚ್ಚಿರುವುದು ಸಹಜವಾಗಿದ್ದು, ಅದನ್ನು ದೋಷವೆಂದು ಎಣಿಸಬಾರದು. ಹೆಡ್ಡುಗಳ ಎತ್ತರದ ಬಿಂದುಗಳಿಂದ ಆವಿಯನ್ನು ಹೊರಬಿಡಲು ಎಲ್‌ಎಸ್ ಎಂಜಿನ್ನುಗಳಲ್ಲಿ ಸಣ್ಣ ಕೊಳವೆಗಳಿರುತ್ತವೆ. ಜಾಗ ಸಾಲದೆಂದು ಅವನ್ನು ಮುಚ್ಚಿಬಿಟ್ಟರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಅಂಕಿ ಅಡ್ಡಾದಿಡ್ಡಿಯಾಗುತ್ತದೆ.

ಏರಿಳಿತದ ಲಕ್ಷಣಗಳು

ಅಳತೆ ನಂಬಲರ್ಹವೆಂದು ಖಚಿತವಾದ ಮೇಲೆ, ಅಂಕಿ ಯಾವ ಸನ್ನಿವೇಶದಲ್ಲಿ ಏರುತ್ತದೆ ಎಂಬುದು ಅದು ಎಷ್ಟು ಏರುತ್ತದೆ ಎಂಬುದಕ್ಕಿಂತ ಹೆಚ್ಚು ತಿಳಿಸುತ್ತದೆ. ನಿಂತ ಕಾರಿನಲ್ಲಿ, ಸಿಗ್ನಲ್ಲಿನಲ್ಲಿ ಏರಿ, ಓಡತೊಡಗಿದಾಗ ಇಳಿದರೆ ಗಾಳಿ ಎಳೆಯುವ ವ್ಯವಸ್ಥೆಯಲ್ಲಿ, ಅಂದರೆ ಫ್ಯಾನು, ಅದರ ರಿಲೇ ಅಥವಾ ಫ್ಯಾನಿನ ಸುತ್ತಲಿನ ಕವಚದಲ್ಲಿ ಕೊರತೆಯಿದೆ. ದೊಡ್ಡ ರೇಡಿಯೇಟರ್ ಹಾಕುವಾಗ ಕವಚವನ್ನು ಕೈಬಿಟ್ಟು ಬರೀ ಫ್ಯಾನನ್ನು ಬಿಗಿದ ಕಾರುಗಳಲ್ಲಿ ಇದು ಸಾಮಾನ್ಯ, ಏಕೆಂದರೆ ಆಗ ಫ್ಯಾನಿನ ಎದುರಿನ ದುಂಡಗಿನ ಭಾಗದಿಂದಷ್ಟೇ ಗಾಳಿ ಹಾಯುತ್ತದೆ. ಇದಕ್ಕೆ ಪ್ರತಿಯಾಗಿ ನಗರದಲ್ಲಿ ಸುಮ್ಮನಿದ್ದು ಹೆದ್ದಾರಿಯಲ್ಲಿ ಅಥವಾ ಟ್ರ್ಯಾಕಿನಲ್ಲಿ ಏರಿದರೆ ಕಾರಣ ಹಲವಿರಬಹುದು: ಕಟ್ಟಿಕೊಂಡ ರೇಡಿಯೇಟರ್, ಪಂಪಿನ ಸೆಳೆತಕ್ಕೆ ಒಳಕ್ಕೆ ಕುಸಿಯುವ ಕೆಳಹೋಸು, ಅತಿವೇಗದಲ್ಲಿ ನೀರಿನ ಬದಲು ಗುಳ್ಳೆಗಳನ್ನೇ ಕಡೆಯುವ ಪಂಪು, ಅಥವಾ ರೇಡಿಯೇಟರಿನ ಮುಂದೆ ಹೊಸದಾಗಿ ಬಂದು ನಿಂತ ಇಂಟರ್‌ಕೂಲರ್. ಟರ್ಬೋದಿಂದ ಕಾದ ಗಾಳಿಯನ್ನು ತಂಪು ಮಾಡುವ ಈ ಇಂಟರ್‌ಕೂಲರ್ ತಾನು ಕಳೆದುಕೊಂಡ ಶಾಖವನ್ನೆಲ್ಲ ಹಿಂದಿರುವ ರೇಡಿಯೇಟರಿನ ಮೇಲೇ ಸುರಿಯುತ್ತದೆ. ಬಂಪರಿನ ಬಾಯಿಗೂ ರೇಡಿಯೇಟರಿಗೂ ನಡುವಿನ ಸಂದುಗಳನ್ನು ಹಾಳೆಗಳಿಂದ ಮುಚ್ಚಿ, ನುಗ್ಗಿದ ಗಾಳಿ ಪಕ್ಕಕ್ಕೆ ಜಾರದೆ ರೇಡಿಯೇಟರನ್ನು ಹಾದೇ ಹೋಗುವಂತೆ ಮಾಡುವುದರಿಂದ ಸಿಗುವ ಲಾಭ ಎಷ್ಟೋ ಸಲ ಹೊಸ ರೇಡಿಯೇಟರಿನದಕ್ಕಿಂತ ಹೆಚ್ಚು. ಖರ್ಚು ಕಡಿಮೆಯೆಂಬ ಕಾರಣಕ್ಕೋ ಏನೋ ಈ ಕೆಲಸ ಬಹಳ ಕಡೆ ಕಡೆಗಣಿಸಲ್ಪಟ್ಟಿದೆ.

ರೇಡಿಯೇಟರಿನ ಒಳಹೊರಗಿನ ಎರಡೂ ಹೋಸುಗಳಲ್ಲಿ ತಾಪವನ್ನು ಅಳೆಯುವ ಅನುಕೂಲವಿದ್ದರೆ ಹರಿವಿನ ಕೊರತೆ ಮತ್ತು ಗಾಳಿಯ ಕೊರತೆಗಳನ್ನು ಬೇರ್ಪಡಿಸಬಹುದು. ಪೂರ್ಣ ಹೊರೆಯಲ್ಲಿ ಈ ಎರಡರ ಅಂತರ ಸಾಮಾನ್ಯವಾಗಿ ಐದರಿಂದ ಹತ್ತು ಡಿಗ್ರಿಯಷ್ಟಿರುತ್ತದೆ. ಎಂಜಿನ್ ಕಾದಿದ್ದು ಅಂತರ ಇಪ್ಪತ್ತರ ಆಚೆಗೆ ಹೋದರೆ ನೀರು ನಿಧಾನವಾಗಿ ಹರಿಯುತ್ತಿದೆ. ಅಂತರ ತೀರ ಚಿಕ್ಕದಾಗಿ ಎರಡು ತುದಿಗಳೂ ಬಿಸಿಯಾಗಿದ್ದರೆ ಗಾಳಿ ಶಾಖವನ್ನು ಒಯ್ಯುತ್ತಿಲ್ಲ.

ಅಂಕಿ ಎಂದೂ 75 ದಾಟದೆ, ಹೆದ್ದಾರಿಯಲ್ಲಿ ಇನ್ನೂ ಇಳಿದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ. ಒಬಿಡಿ-2 ವ್ಯವಸ್ಥೆ ಇದನ್ನು ಪಿ0128 ಎಂಬ ಸಂಕೇತದಿಂದ ಸೂಚಿಸುತ್ತದೆ. ಸೆನ್ಸರಿನ ತಂತಿ ಒಂದಕ್ಕೊಂದು ತಾಗಿದಾಗ ಪಿ0117, ಕಡಿದಾಗ ಪಿ0118 ಬರುತ್ತವೆ. ಎಲ್ಲಕ್ಕಿಂತ ಮೋಸದ ಲಕ್ಷಣವೆಂದರೆ ಏರುತ್ತಿದ್ದ ಅಂಕಿ ಒಮ್ಮೆಗೇ ಇಳಿಯುವುದು. ಹೋಸು ಒಡೆದು ನೀರೆಲ್ಲ ಹೊರಗೆ ಹೋದಾಗ ಸೆನ್ಸರಿನ ತುದಿ ನೀರನ್ನು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ, ಲೋಹ ಕರಗುವಷ್ಟು ಕಾಯುತ್ತಿದ್ದರೂ ಮಾಪಕ ಸಮಾಧಾನದ ಅಂಕಿಯನ್ನು ತೋರಿಸುತ್ತದೆ. ಕಾರಣವಿಲ್ಲದೆ ಇಳಿದ ಅಂಕಿಯನ್ನು ಕಂಡೊಡನೆ ಎಂಜಿನ್ ನಿಲ್ಲಿಸುವುದೇ ಸರಿ. ಇದಕ್ಕಾಗಿಯೇ ಟ್ರ್ಯಾಕಿನಲ್ಲಿ ಓಡುವ ಕಾರುಗಳಿಗೆ ತಾಪಮಾಪಕದ ಜೊತೆಗೆ ಕೂಲೆಂಟಿನ ಒತ್ತಡವನ್ನು ಅಳೆಯುವ ಸೆನ್ಸರನ್ನೂ ಅಳವಡಿಸುತ್ತಾರೆ. ನೀರು ಸೋರಿದರೆ ಒತ್ತಡ ಮೊದಲು ಬೀಳುತ್ತದೆ.

ಎಂಜಿನ್ ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಅಂಕಿ ಏರುವುದರಲ್ಲಿ ಆತಂಕಕ್ಕೆ ಕಾರಣವಿಲ್ಲ. ಪಂಪು ನಿಂತು, ಕಾದ ಹೆಡ್ಡಿನ ಶಾಖ ಚಲಿಸದ ನೀರಿಗೆ ಇಳಿಯುತ್ತದೆ.

ಪರೀಕ್ಷೆಯ ಕ್ರಮ

ಸೆನ್ಸರನ್ನು ಕಳಚಿ, ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ತೂಗುಬಿಟ್ಟು, ನಂಬಿಕೆಯ ತಾಪಮಾಪಕವೊಂದರ ಪಕ್ಕದಲ್ಲಿ ಕಾಯಿಸುತ್ತ ಮಲ್ಟಿಮೀಟರಿನಿಂದ ರೋಧವನ್ನು ಅಳೆಯುವುದು ಹಳೆಯದಾದರೂ ಇಂದಿಗೂ ಉತ್ತಮವಾದ ಪರೀಕ್ಷೆ. ಕುದಿಯುವ ನೀರನ್ನು 100 ಡಿಗ್ರಿಯೆಂದು ಹಿಡಿಯುವವರು ಊರಿನ ಎತ್ತರವನ್ನು ಮರೆಯಬಾರದು: ಮಂಗಳೂರಿನಲ್ಲಿ ಅದು ಸರಿಯಾದರೂ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕೆಳಗೆ. ಅದೇ ಪಾತ್ರೆಯಲ್ಲಿ ಥರ್ಮೋಸ್ಟಾಟನ್ನೂ ಇಳಿಬಿಟ್ಟು ಅದು ಯಾವ ತಾಪಕ್ಕೆ ತೆರೆಯತೊಡಗುತ್ತದೆಂದು ನೋಡಬಹುದು.

ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ತಾಪಮಾಪಕ ಬಹಳ ಜನಪ್ರಿಯ, ಆದರೆ ಅದನ್ನು ಹೊಳೆಯುವ ಅಲ್ಯುಮಿನಿಯಮ್ಮಿನ ಮೇಲೆ ಗುರಿಯಿಟ್ಟರೆ ಲೋಹದ ತಾಪಕ್ಕಿಂತ ಬಹಳ ಕಡಿಮೆ ಅಂಕಿ ಬರುತ್ತದೆ, ಏಕೆಂದರೆ ಹೊಳಪಿನ ಲೋಹ ಕಡಿಮೆ ವಿಕಿರಣವನ್ನು ಹೊರಸೂಸಿ ಸುತ್ತಲಿನದನ್ನು ಪ್ರತಿಫಲಿಸುತ್ತದೆ. ಅಳೆಯುವ ಜಾಗದ ಮೇಲೆ ಕಪ್ಪು ಟೇಪಿನ ತುಂಡನ್ನು ಅಂಟಿಸಿ ಅದರ ಮೇಲೆ ಗುರಿಯಿಟ್ಟರೆ ಈ ತಪ್ಪು ಬಹುಮಟ್ಟಿಗೆ ನೀಗುತ್ತದೆ. ಮುಚ್ಚಳ ಮತ್ತು ಹೋಸುಗಳನ್ನು ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸಬೇಕು. ನೀರು ಬದಲಿಸಿದ ಪ್ರತಿ ಸಲವೂ ಕಾರಿನ ಮೂತಿಯನ್ನು ಎತ್ತರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಸಿಕ್ಕಿಕೊಂಡ ಗಾಳಿಯನ್ನು ಹೊರದೂಡಬೇಕು. ದಹನದ ಅನಿಲ ನೀರಿಗೆ ನುಸುಳುತ್ತಿರುವ ಅನುಮಾನವಿದ್ದರೆ ರೇಡಿಯೇಟರಿನ ಬಾಯಿಯ ಮೇಲಿನ ಗಾಳಿಯನ್ನು ಬ್ರೋಮೋಥೈಮಾಲ್ ಬ್ಲೂ ದ್ರಾವಣದ ಮೂಲಕ ಹಾಯಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಬಣ್ಣ ಹಳದಿಗೆ ತಿರುಗಿ ಹೆಡ್ ಗ್ಯಾಸ್ಕೆಟ್ ಸೋರಿಕೆಯನ್ನು ಬಯಲು ಮಾಡುತ್ತದೆ. ಟರ್ಬೋ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಹೆಚ್ಚಿದಾಗ ಮಾತ್ರ ಹೆಡ್ಡು ಕೂದಲೆಳೆಯಷ್ಟು ಮೇಲೆದ್ದು ಸೋರುವ ಟರ್ಬೋ ಕಾರುಗಳಲ್ಲಿ, ನಿಂತಲ್ಲೇ ಮಾಡಿದ ಈ ಪರೀಕ್ಷೆ ನಿರ್ದೋಷವೆಂದು ತೋರಿಸಬಹುದು. ಅಂಥಲ್ಲಿ ಪೂರ್ಣ ಹೊರೆಯ ಓಟದ ಕೂಡಲೇ ಮಾಡುವುದು, ಇಲ್ಲವೇ ಕೂಲೆಂಟ್ ಒತ್ತಡದ ದಾಖಲೆಯಲ್ಲಿ ಬೂಸ್ಟಿನ ಜೊತೆಜೊತೆಗೇ ಏರುವ ಮೊನೆಗಳನ್ನು ಹುಡುಕುವುದು ಅಗತ್ಯ.

ಭಾರತದ ಗ್ಯಾರೇಜುಗಳಲ್ಲಿ ಬಿಸಿಯಾಗುವ ಎಂಜಿನ್ನಿಗೆ ಥರ್ಮೋಸ್ಟಾಟನ್ನೇ ಕಿತ್ತುಹಾಕುವ ರೂಢಿ ಇನ್ನೂ ಉಳಿದಿದೆ. ಇದರಿಂದ ಎಂಜಿನ್ ನಿಧಾನವಾಗಿ ಕಾದು, ಇಸಿಯು ಅದನ್ನು ತಣ್ಣಗಿನ ಎಂಜಿನ್ನೆಂದು ತಿಳಿದು ಹೆಚ್ಚು ಪೆಟ್ರೋಲ್ ಸುರಿಸಿ, ಸಿಲಿಂಡರಿನ ಗೋಡೆಯ ಎಣ್ಣೆ ತೊಳೆದುಹೋಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟು ಬಿಸಿಯಾದಾಗ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುವುದರಿಂದ, ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಎಂಜಿನ್ನಿಗೆ ಮರಳಿ ತಾಪ ಇನ್ನಷ್ಟು ಏರುತ್ತದೆ. ಬೋರ್‌ವೆಲ್ಲಿನ ಗಡಸು ನೀರನ್ನು ತುಂಬಿಸುವ ಅಭ್ಯಾಸವೂ ಅಷ್ಟೇ ಹಾನಿಕರ. ಬಯಲುಸೀಮೆಯ ಮನೆಗಳಲ್ಲಿ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿಯ ಸುಣ್ಣವೇ ರೇಡಿಯೇಟರಿನ ಕಿರುನಳಿಕೆಗಳಲ್ಲೂ ಹೆಡ್ಡಿನ ಒಳಗೋಡೆಗಳಲ್ಲೂ ಸೆನ್ಸರಿನ ತುದಿಯ ಮೇಲೂ ಪದರಗಟ್ಟುತ್ತದೆ. ಹೆಡ್ಡಿನಲ್ಲಿ ಅದು ಲೋಹದ ಶಾಖ ನೀರಿಗೆ ಇಳಿಯದಂತೆ ತಡೆಯುವುದರಿಂದ, ಲೋಹ ಅಪಾಯದ ಮಟ್ಟ ಮುಟ್ಟಿದ್ದರೂ ನೀರನ್ನಷ್ಟೇ ಅಳೆಯುವ ಸೆನ್ಸರು ಎಂದಿನ ಅಂಕಿಯನ್ನೇ ಕೊಡುತ್ತಿರುತ್ತದೆ. ಖನಿಜ ತೆಗೆದ ಡಿಸ್ಟಿಲ್ಡ್ ನೀರನ್ನು ತಯಾರಕರು ಸೂಚಿಸಿದ ಕೂಲೆಂಟಿನೊಡನೆ ಬೆರೆಸಿ ಬಳಸಬೇಕು. ಗ್ಲೈಕಾಲ್ ನಿಷೇಧವಿರುವ ರೇಸುಗಳಲ್ಲಿ ಡಿಸ್ಟಿಲ್ಡ್ ನೀರಿಗೆ ತುಕ್ಕುನಿರೋಧಕವನ್ನಾದರೂ ಸೇರಿಸಬೇಕು.